ಪಟ್ಟಿಯ ಮೊದಲನೇ ಬಾವಿ

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದೂವರೆ ತಿಂಗಳು ನಾನು ಮಾಡಿದ್ದು ಒಂದೇ ಕೆಲಸ. ಹಳೆಯ ರಿಜಿಸ್ಟರುಗಳ ಧೂಳು ಕೊಡವಿ, ಅದರಲ್ಲಿದ್ದ ಅಂಕಿಗಳನ್ನು ಕಂಪ್ಯೂಟರಿಗೆ ತುಂಬಿಸುವುದು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಕೈಪಂಪಿನ ಕೊಳವೆಬಾವಿಗಳು. ಎಷ್ಟು ಅಡಿ ಕೊರೆದದ್ದು, ಬಂಡೆ ಸಿಕ್ಕಿದ್ದು ಎಲ್ಲಿ, ನೀರು ಸಿಕ್ಕಿದ್ದು ಎಲ್ಲಿ, ಕೊರೆದ ದಿನ ನೀರೆಷ್ಟು, ಈಗೆಷ್ಟು, ಪೈಪು ಎಷ್ಟು, ರಿಪೇರಿ ಎಷ್ಟು ಸಲ. ನಾನು ಭೂವಿಜ್ಞಾನ ಓದಿದವನು. ಕಲ್ಲು ನೋಡಿ ಹೇಳು ಅಂದರೆ ಹೇಳಿಯೇನು, ಟೈಪು ಮಾಡು ಅಂದರೆ ಎರಡೇ ಬೆರಳು. ಕರೆಂಟು ಹೋದಾಗಲೆಲ್ಲ ಅರ್ಧ ದಿನದ ಕೆಲಸ ನೀರಲ್ಲಿ ಹೋಮ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು; ನಮ್ಮ ಕಚೇರಿಗೆ ಬಂದಿದ್ದ ಕಂಪ್ಯೂಟರ್ ಅದೊಂದೇ.

ಇಷ್ಟೆಲ್ಲ ಯಾಕೆಂದರೆ, ಬತ್ತಿದ ಕೊಳವೆಬಾವಿಗೆ ಚಿಕಿತ್ಸೆ ಕೊಡುವ ಯಂತ್ರವೊಂದು ನಮ್ಮ ಕಡೆಗೆ ಬರುವುದಿತ್ತು. ಬಾವಿಯ ಒಳಗೆ ರಬ್ಬರಿನ ದಪ್ಪ ಬಿರಡೆ ಇಳಿಸಿ ಬಂಡೆಗೆ ಬಿಗಿದು, ಅದರ ಕೆಳಗೆ ಭಾರೀ ಒತ್ತಡದಲ್ಲಿ ನೀರು ನುಗ್ಗಿಸುವುದು. ಬಂಡೆಯೊಳಗೆ ಮುಚ್ಚಿಕೊಂಡ ಬಿರುಕುಗಳು ಬಾಯಿಬಿಟ್ಟರೆ ಸುತ್ತಲಿನ ನೀರು ಬಾವಿಗೆ ಹರಿದು ಬರುತ್ತದೆ. ಊರವರು ಅದಕ್ಕೆ ‘ಬೋರಿಗೆ ಪ್ರೆಷರ್ ಕೊಡುದ್’ ಎನ್ನುತ್ತಿದ್ದರು. ಯಂತ್ರ ಜಿಲ್ಲೆಗೆ ಒಂದೇ. ನಮ್ಮ ಪಾಲಿಗೆ ಮಳೆ ಬರುವ ಮೊದಲಿನ ಮೂರು ವಾರ, ಹೆಚ್ಚೆಂದರೆ ಹದಿನೈದು ಬಾವಿ. ಅರ್ಜಿಗಳೋ ನಾಲ್ಕು ಕಡತ.

ಯಾವ ಹದಿನೈದು ಎಂದು ಆರಿಸಲು ಮೇಲಿನ ಇಂಜಿನಿಯರ್ ಸಾಹೇಬರು ಕರೆಸಿದ್ದು ಒಬ್ಬ ಉಪನ್ಯಾಸಕರನ್ನು. ಇಂಜಿನಿಯರಿಂಗ್ ಕಾಲೇಜಿನವರು, ಅದಕ್ಕೂ ಮೊದಲು ಎಣ್ಣೆ ಕಂಪನಿಯೊಂದರಲ್ಲಿ ಇದ್ದವರು. ಅಲ್ಲಿ ಹಳೆಯ ಎಣ್ಣೆಬಾವಿ, ಗ್ಯಾಸಿನ ಬಾವಿಗಳಲ್ಲಿ ಯಾವುದಕ್ಕೆ ಚಿಕಿತ್ಸೆ ಕೊಟ್ಟರೆ ಫಲ ಸಿಕ್ಕೀತು ಎಂದು ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂ ಆರಿಸುತ್ತಿತ್ತಂತೆ. ‘ಎಣ್ಣೆಗೆ ಆಗುವುದು ನೀರಿಗೆ ಯಾಕಾಗಬಾರದು?’ ಎಂಬುದು ಅವರ ವಾದ. ಬೇರೆ ಕಡೆ ಈಗಾಗಲೇ ಚಿಕಿತ್ಸೆ ಕೊಟ್ಟ ಬಾವಿಗಳ ವಿವರ ಮತ್ತು ಫಲಿತಾಂಶ ಎರಡನ್ನೂ ಪ್ರೋಗ್ರಾಮಿಗೆ ತೋರಿಸಬೇಕು. ತೋರಿಸಿ ತೋರಿಸಿ ಅದು ಕಲಿಯುತ್ತದೆ. ಆಮೇಲೆ ನಮ್ಮ ಬಾವಿಗಳನ್ನು ಕೊಟ್ಟರೆ ಒಂದೊಂದಕ್ಕೂ ಸೊನ್ನೆಯಿಂದ ಒಂದರೊಳಗೆ ಅಂಕ ಹಾಕುತ್ತದೆ. ಒಂದಕ್ಕೆ ಹತ್ತಿರ ಬಂದಷ್ಟೂ ಒಳ್ಳೆಯದು.

ನನಗೆ ನಂಬಿಕೆ ಇರಲಿಲ್ಲ ಎಂದರೆ ಸುಳ್ಳಾದೀತು. ನಿಜ ಹೇಳಬೇಕೆಂದರೆ ಸಮಾಧಾನವೇ ಆಗಿತ್ತು. ಹಿಂದೆಲ್ಲ ಪಟ್ಟಿ ಮಾಡಿದಾಗ ಯಾರದೋ ಚೀಟಿ, ಯಾರದೋ ಫೋನು, ‘ನಮ್ಮ ವಾರ್ಡಿಗೆ ಯಾಕಿಲ್ಲ’ ಎಂಬ ಜಗಳ. ಈಗ ಯಾರು ಕೇಳಿದರೂ ಕಂಪ್ಯೂಟರಿನ ಕಡೆ ಕೈ ತೋರಿಸಬಹುದು. ಅಂಕಿ ತುಂಬಿಸುವಾಗ ಉಪ್ಪುನೀರಾದ ಬಾವಿಗಳನ್ನೆಲ್ಲ ನಾನೇ ಪಟ್ಟಿಯಿಂದ ತೆಗೆದೆ. ಅವು ಆಗಲೇ ಪಂಪು ಕಿತ್ತು ಕೆಂಪು ಬಣ್ಣ ಬಳಿಸಿಕೊಂಡವು, ಚಿಕಿತ್ಸೆಗೆ ಬರುವುದಿಲ್ಲ, ಸುಮ್ಮನೆ ಟೈಪು ಮಾಡುವ ದಂಡ ಯಾಕೆ ಅಂತ. ಹಾಗಾಗಿ ಉಪ್ಪು ಎಂಬುದೊಂದಿದೆ ಎಂದೇ ಆ ಪ್ರೋಗ್ರಾಮಿಗೆ ಯಾರೂ ಹೇಳಿಕೊಡಲಿಲ್ಲ.

ಪಟ್ಟಿ ಬಂತು. ಮೊದಲನೇ ಸ್ಥಾನದಲ್ಲಿದ್ದದ್ದು ಹಂಗಾರಕಟ್ಟೆಯ ಆಚೆಗಿನ ಒಂದು ಕುದ್ರು. ಸುತ್ತ ಉಬ್ಬರಕ್ಕೆ ಉಪ್ಪೇರುವ ಹೊಳೆ, ನಡುವೆ ಹದಿನೆಂಟು ಮನೆ, ಎಲ್ಲ ಮೀನಿನ ಕೆಲಸದವರು. ಅಲ್ಲಿನ ತೆರೆದ ಬಾವಿಗಳು ಶಿವರಾತ್ರಿಯ ಹೊತ್ತಿಗೆ ಅರೆ ಉಪ್ಪಾಗುತ್ತವೆ. ಇಡೀ ಕುದ್ರಿಗೆ ಕುಡಿಯುವ ನೀರೆಂದರೆ ಆ ಒಂದು ಕೈಪಂಪು. ಅದು ಬರುವ ಮೊದಲು ಹೆಂಗಸರು ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ನೀರು ತರುತ್ತಿದ್ದರು; ಮಣ್ಣಿನ ದಾರಿ ಇರುವ ಕಡೆಯೂ ಬಾವಿಗಳೆಲ್ಲ ಉಪ್ಪೇ. ಪಂಪಿನಲ್ಲೂ ಈಗ ನೀರು ಸಾಲದು, ಎರಡು ಕೊಡಪಾನ ತುಂಬಿದರೆ ಗಾಳಿ ಬರುತ್ತದೆ, ಅರ್ಧ ಗಂಟೆ ಕಾಯಬೇಕು. ಪ್ರೋಗ್ರಾಮಿನ ಲೆಕ್ಕಕ್ಕೆ ಎಲ್ಲವೂ ಕೂಡಿಬಂದಿತ್ತು. ಇನ್ನೂರು ಅಡಿ ಆಳ, ಗಟ್ಟಿ ಬಂಡೆ, ಕೊರೆದ ದಿನ ಒಳ್ಳೆಯ ನೀರು, ಈಗ ಬಹಳ ಕಡಿಮೆ, ರಿಪೇರಿ ಮೇಲೆ ರಿಪೇರಿ, ಎಂದರೆ ಜನ ತುಂಬ ಬಳಸುವ ಬಾವಿ. ಕುದ್ರು ಎಂದೊಡನೆ ನನಗೂ ಒಮ್ಮೆ ಅಳುಕಿತು. ಕಡತ ತೆಗೆದು ನೀರಿನ ಪರೀಕ್ಷೆಯ ಕಾಗದ ನೋಡಿದೆ. ಸಿಹಿನೀರು ಎಂದೇ ಇತ್ತು. ಸರಿ ಎಂದು ಮಡಚಿಟ್ಟೆ.

ದಾರಿಯ ಅನುಕೂಲ ನೋಡಿ ಬೈಂದೂರು ಕಡೆಯಿಂದ ಶುರುಮಾಡಿದೆವು. ಎರಡು ಲಾರಿ: ಒಂದರಲ್ಲಿ ಪಂಪು, ಇನ್ನೊಂದರಲ್ಲಿ ನೀರಿನ ಟ್ಯಾಂಕು; ಹಿಂದೆ ನಮ್ಮ ಜೀಪು. ಬೆಳಿಗ್ಗೆ ಆರಕ್ಕೆ ಹೊರಟರೆ ಕೈಪಂಪು ಬಿಚ್ಚಿ ಪೈಪು ಮೇಲೆತ್ತುವುದರೊಳಗೆ ಹತ್ತು ಗಂಟೆ. ಬಿರಡೆ ಇಳಿಸಿ ಒತ್ತಡ ಕೊಡುತ್ತ ಗೇಜಿನ ಮುಳ್ಳನ್ನೇ ನೋಡುತ್ತ ನಿಲ್ಲುವುದು. ಮುಳ್ಳು ಏರುತ್ತ ಏರುತ್ತ ಹೋಗಿ ಥಟ್ಟನೆ ಕೆಳಗೆ ಬಿದ್ದರೆ ಬಿರುಕು ಬಿಟ್ಟಿತು ಎಂದರ್ಥ. ಮೊದಲ ಮೂರು ಬಾವಿಯಲ್ಲಿ ಮುಳ್ಳು ಬಿತ್ತು, ನೀರೂ ಬಂತು. ನಾಲ್ಕನೆಯದರಲ್ಲಿ ಬಿರಡೆ ಒಳಗೇ ಸಿಕ್ಕಿಕೊಂಡು ಎರಡು ದಿನ ತಿಂದಿತು. ಐದನೆಯದರಲ್ಲಿ ಮುಳ್ಳೂ ಬೀಳಲಿಲ್ಲ, ನೀರೂ ಇಲ್ಲ, ಊರವರು ಕೊಟ್ಟ ಎಳನೀರು ಕುಡಿದು ತಲೆತಗ್ಗಿಸಿ ಬಂದೆವು. ಮೇ ತಿಂಗಳ ಸೆಕೆ, ಅಂಗಿ ಮೈಗಂಟಿ ಉಪ್ಪು ಗೆರೆ ಕಟ್ಟುತ್ತಿತ್ತು. ಮನೆಗೆ ಬಂದರೆ ಮಾತಾಡಲೂ ಬೇಸರ.

ಪೈಪು ಎತ್ತುವ ಕೆಲಸ ನಮ್ಮ ಪಂಪ್ ಮೆಕ್ಯಾನಿಕ್‌ನದು. ತೆಕ್ಕಟ್ಟೆಯವರು, ನಿವೃತ್ತಿಗೆ ಎರಡು ತಿಂಗಳು ಬಾಕಿ. ನಾನು ಅವರನ್ನು ಅಣ್ಣಯ್ಯ ಎಂದೇ ಕರೆಯುವುದು. ಈ ಕಡೆಯ ಕೈಪಂಪುಗಳನ್ನೆಲ್ಲ ಇಪ್ಪತ್ತು ಚಿಲ್ಲರೆ ವರ್ಷ ಬಿಚ್ಚಿ ಕಟ್ಟಿದ ಕೈ ಅದು. ಬಾಯಿ ಮಾತ್ರ ಸುಮ್ಮನಿರದು. ಆದರೆ ಕುದ್ರಿನ ದಿನ ಹತ್ತಿರ ಬಂದಂತೆ ಆ ಬಾಯಿಯೂ ಕಟ್ಟಿತು.

ಹಿಂದಿನ ದಿನ ಹೇಳಿಯೇಬಿಟ್ಟರು: ‘ಸರ್, ಆ ಕುದ್ರಿಂದ್ ಬ್ಯಾಡ. ಬಿಟ್ಟ್ ಹಾಕಿ.’

‘ಯಾಕೆ ಅಣ್ಣಯ್ಯ?’

‘ಎಂತಕಂದೇಳಿ ಕೇಂಬುಕ್ ಹೋಯ್ಬೇಡಿ. ಬ್ಯಾಡ ಅಂದ್ರೆ ಬ್ಯಾಡ.’

ನನಗೆ ಸಿಟ್ಟು ಬಂತು. ‘ಕಂಪ್ಯೂಟರ್ ಮೊದಲನೇ ನಂಬರ್ ಕೊಟ್ಟದ್ದು. ಬ್ಯಾಡ ಅನ್ನುವುದಾದರೆ ಕಾರಣ ಹೇಳಬೇಕಲ್ಲ? ಸಾಹೇಬರಿಗೆ ನಾನೇನು ಹೇಳಲಿ?’

‘ನಿಮ್ಮ್ ಕಂಪ್ಯೂಟ್ರ್ ಆ ಬೋರಿನ್ ಒಳ್ಗ್ ಇಳ್ದ್ ಕಂಡ್ ಬಂದಿತ್ತಾ?’ ಎಂದು ಹೇಳಿ ಪೈಪು ಬಿಚ್ಚುವ ಪಾನಾ ಎತ್ತಿಕೊಂಡು ಹೋದರು. ನಿವೃತ್ತಿಯ ಹೊತ್ತಿನ ಸೋಮಾರಿತನ ಎಂದು ನಾನು ಅಂದುಕೊಂಡೆ.

ಕುದ್ರಿಗೆ ಹೋಗುವುದು ಹೊಳೆಗೆ ಅಡ್ಡ ಹಾಕಿದ ಒಂದು ಸಪೂರ ಮಣ್ಣಿನ ದಾರಿ. ಅದರಲ್ಲಿ ಲಾರಿ ಹೋಗುವ ಮಾತೇ ಇರಲಿಲ್ಲ. ನಾವು ಹೋಗಿ ನೋಡಿದರೆ ಇಡೀ ದಾರಿಗೆ ಎರಡೂ ಬದಿಯಲ್ಲಿ ಕೆಂಪು ಮುರಕಲ್ಲು ಜೋಡಿಸಿ ಮಣ್ಣು ಹಾಕಿ ಅಗಲ ಮಾಡಿದ್ದರು. ಗಂಡಸರು ಮೂರು ದಿನ ಬೋಟಿಗೆ ಹೋಗದೆ ಮಾಡಿದ ಕೆಲಸ. ಮುಂದೆ ನಿಂತು ಮಾಡಿಸಿದ್ದು ಮೀನು ಮಾರುವ ಒಬ್ಬ ಹೆಂಗಸು. ನಾಲ್ಕು ವರ್ಷದಿಂದ ನಮ್ಮ ಕಚೇರಿಗೆ ಅರ್ಜಿ ತಂದು ತಂದು ಅವರ ಮುಖ ನನಗೆ ಗುರುತಾಗಿತ್ತು. ಅಕ್ಕ ಎನ್ನುತ್ತಿದ್ದೆ.

‘ಹ್ವಾಯ್ ಸರ್, ಅಂತೂ ಬಂದ್ರಿ ಅಲ್ದಾ!’ ಎಂದು ನಗುತ್ತ ಎದುರು ಬಂದರು. ‘ಇವತ್ತ್ ನೀರ್ ಬರ್ಸದೆ ನಿಮ್ಮನ್ ಕಳ್ಸುದಿಲ್ಲೆ ಕಾಣಿ. ಕೊಡಪಾನ ಹಿಡ್ಕಂಡ್ ಕಾದ್ ಕಾದ್ ನಮ್ಮ್ ಅರ್ಧ ಆಯುಷ್ಯ ಹೋಯ್ತ್.’

ಅಣ್ಣಯ್ಯ ಪಂಪಿನ ತಲೆ ಬಿಚ್ಚಿದರು. ಒಂದೊಂದು ಪೈಪು ಹತ್ತು ಅಡಿ. ರಿಜಿಸ್ಟರಿನಲ್ಲಿ ಹತ್ತು ಪೈಪು ಎಂದಿತ್ತು, ಅಂದರೆ ನೂರು ಅಡಿ. ಒಂದು ಬಂತು, ಎರಡು ಬಂತು, ಮೂರು, ನಾಲ್ಕು. ನಾಲ್ಕನೆಯದರ ತುದಿಯಲ್ಲೇ ಪಂಪಿನ ಸಿಲಿಂಡರು ನೇತಾಡುತ್ತಿತ್ತು. ಅಷ್ಟೇ. ಪೈಪು ತುಂಡಾಗಿ ಬಿದ್ದಿರಬೇಕೆಂದು ನಾನು ಗಾಬರಿಯಾದೆ. ಆದರೆ ಸಿಲಿಂಡರು ಸರಿಯಾಗಿ ಥ್ರೆಡ್ ತಿರುಗಿಸಿ ಕೂರಿಸಿದ್ದು. ಯಾರೋ ಬೇಕೆಂದೇ ಮಾಡಿದ್ದು.

ಅಣ್ಣಯ್ಯನ ಮುಖ ನೋಡಿದೆ. ಅವರು ನನ್ನನ್ನು ಹೊಳೆಯ ಬದಿಗೆ, ಬಲೆ ಒಣಹಾಕಿದಲ್ಲಿಗೆ ಕರೆದರು.

‘ಹನ್ನೊಂದ್ ವರ್ಷ ಆಯ್ತ್ ಸರ್. ಒಂದ್ ಸಲ ವಾಷರ್ ಹಾಕುಕ್ ಬಂದ್ ಮೇಲ್ ಎತ್ತ್‌ತೆ, ಮೇಲಿನ್ ಪೈಪ್ ಹೊಸತರಾಂಗೆ ಇತ್ತ್, ಕೆಳ್ಗಿಂದೆಲ್ಲ ತುಕ್ಕ್ ಹಿಡ್ದ್ ಜಾಲರಿ. ಕೆಳ್ಗಿನ್ ನೀರ್ ಬಾಯಿಗ್ ಹಾಕಿ ಕಂಡೆ. ಬರೀ ಉಪ್ಪ್. ಮೇಲಿಂದ್ ಸಿಹಿ. ಉಪ್ಪ್ ಅಂದೇಳಿ ಬರದ್ರೆ ಎಂತ ಮಾಡ್ತ್ರಿ ನೀವ್? ಪಂಪ್ ಕಿತ್ತ್ ಕೆಂಪ್ ಬಣ್ಣ ಬಳ್ದ್ ಹೋತ್ರಿ. ಈ ಹೆಂಗಸ್ರ್ ಪುನಃ ದೋಣಿ ಹತ್ಕ್. ಅದ್ಕೆ ಕೆಳ್ಗಿನ್ ಆರ್ ಪೈಪ್ ತೆಗ್ದೆ. ಮೇಲಿನ್ ಸಿಹಿನೀರ್ ಎರಡ್ ಕೊಡಪಾನ ಬತ್ತ್, ಮತ್ತೆ ಗಾಳಿ. ಕಾಯ್ಲಿ. ಕಾದಷ್ಟೂ ಒಳ್ಳೆದ್. ಗಡಿಬಿಡಿಯಲ್ ಎಳದ್ರೆ ಉಪ್ಪ್ ಮೇಲ್ ಬತ್ತ್.’

ನಾನು ಅಲ್ಲೇ ಮುರಕಲ್ಲಿನ ಮೇಲೆ ಕೂತುಬಿಟ್ಟೆ. ನೀರು ಕಡಿಮೆ ಇರುವುದನ್ನು ನಾವು ರೋಗ ಎಂದುಕೊಂಡಿದ್ದೆವು, ಅದೇ ಇಲ್ಲಿ ಮದ್ದು. ಈ ಮನುಷ್ಯ ಹನ್ನೊಂದು ವರ್ಷದಿಂದ ಸದ್ದಿಲ್ಲದೆ ಆ ಬಾವಿಯನ್ನು ಕಾಪಾಡಿಕೊಂಡು ಬಂದಿದ್ದಾನೆ. ನಾನು ಅದರ ಬುಡಕ್ಕೆ ಲಾರಿ ತಂದು ನಿಲ್ಲಿಸಿದ್ದೇನೆ. ಒತ್ತಡ ಕೊಟ್ಟಿದ್ದರೆ ಹೊಳೆಗೆ ನಾನೇ ಬಾಗಿಲು ತೆಗೆದಂತಾಗುತ್ತಿತ್ತು.

‘ನಿನ್ನೆಯೇ ಯಾಕೆ ಹೇಳಲಿಲ್ಲ?’

‘ಆರ್ ಪೈಪ್ ಎಲ್ಲಿ ಕೇಂತ್ರಿ. ತುಕ್ಕ್ ಹಿಡಿದದ್ದ್ ಬಿಸಾಡ್ದೆ. ರಿಜಿಸ್ಟರಲ್ ಹತ್ತೇ ಇತ್ತ್. ಹೋಪ ಕಾಲಕ್ಕೆ ಪೈಪ್ ಕದ್ದವ ಅಂದೇಳಿ ಹೆಸ್ರ್ ಬೇಕಾ ನಂಗೆ?’ ಅವರ ಕಣ್ಣಲ್ಲಿ ನೀರಿತ್ತು. ಅಷ್ಟು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು.

ಲಾರಿ ಡ್ರೈವರು ಹಾರನ್ ಹೊಡೆಯುತ್ತಿದ್ದ. ಏನಾದರೂ ಬರೆಯಲೇಬೇಕು. ಉಪ್ಪು ಎಂದು ಬರೆದರೆ ಪಂಪು ಹೋಗುತ್ತದೆ. ನಾಲ್ಕು ಪೈಪು ಎಂದು ಬರೆದರೆ ಅಣ್ಣಯ್ಯನ ಮಾನ ಹೋಗುತ್ತದೆ. ನಾನು ಜೀಪಿನ ಬಾನೆಟ್ ಮೇಲೆ ರಿಜಿಸ್ಟರು ಇಟ್ಟು ಬರೆದೆ: ‘ಬಾವಿಯ ಮೇಲ್ಭಾಗದ ಕೇಸಿಂಗ್ ಪೈಪು ಬಾಗಿದೆ. ಬಿರಡೆ ಇಳಿಯುವುದಿಲ್ಲ. ಚಿಕಿತ್ಸೆ ಸಾಧ್ಯವಿಲ್ಲ. ಪೈಪು ಹತ್ತು, ಸುಸ್ಥಿತಿ.’ ಕೆಳಗೆ ಸಹಿ ಹಾಕಿದೆ. ಒಳ್ಳೆಯ ಕೆಲಸ ಮಾಡಿದೆ ಎಂದೇ ಅನ್ನಿಸಿತು.

ಅಕ್ಕನಿಗೂ ಅದನ್ನೇ ಹೇಳಿದೆ, ಕೇಸಿಂಗ್ ಬಾಗಿದೆ ಅಂತ. ಅವರು ನಂಬಲಿಲ್ಲ.

‘ಬಾಗಿತ್ತಾ? ನಾಲ್ಕ್ ವರ್ಷ ನಾ ನಿಮ್ಮ್ ಮೆಟ್ಲ್ ಹತ್ತಿ ಇಳ್ದದ್ದ್ ಇದ್ಕಾ? ನಮ್ಮ್ ಗಂಡಸ್ರ್ ಮೂರ್ ದಿನ ಕೂಲಿ ಬಿಟ್ಟ್ ಕಲ್ಲ್ ಹೊತ್ತದ್ದ್ ಇದ್ಕಾ? ಬೇರೆ ಊರಂಗೆಲ್ಲ ನೀರ್ ಹಾರ್ಸಿ ಬಂದ್ರಿ ಅಂಬ್ರ್. ನಮ್ಮ್ ಮೈ ಮೀನ್ ನಾತ ಬತ್ತ್ ಅಂದೇಳಿ ಹೀಂಗಾ?’

ನಾನು ಜೀಪು ಹತ್ತಿದೆ. ಅಗಲ ಮಾಡಿದ ದಾರಿಯಲ್ಲಿ ಲಾರಿಗಳು ಹಿಂದೆ ಹಿಂದೆ ಸರಿದು ಹೊರಬರಲು ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವರು ಬೈಯುತ್ತಿದ್ದರು. ಅಣ್ಣಯ್ಯ ನಾಲ್ಕು ಪೈಪನ್ನು ಹಿಂದಿನಂತೆಯೇ ಕೂರಿಸಿ ಬಂದರು.

ಉಪನ್ಯಾಸಕರಿಗೆ ಬೇಸರವಾಯಿತು. ಮೊದಲನೇ ನಂಬರಿನದೇ ಕೈಕೊಟ್ಟಿತಲ್ಲ ಅಂತ. ಕೇಸಿಂಗಿನ ಕತೆಯನ್ನೇ ಅವರಿಗೂ ಹೇಳಿದೆ. ಆದರೆ ಉಪ್ಪಾದ ಬಾವಿಗಳ ಕಡತ ಅವರ ಮೇಜಿನ ಮೇಲಿಟ್ಟು, ಹೊಳೆಯಿಂದ ಎಷ್ಟು ದೂರ ಎಂಬುದನ್ನೂ ಪ್ರೋಗ್ರಾಮಿಗೆ ಕೊಡಿ ಎಂದೆ. ಕೊಟ್ಟರು. ಹೊಸ ಪಟ್ಟಿಯಲ್ಲಿ ಹೊಳೆಬದಿಯ ಬಾವಿಗಳೆಲ್ಲ ಕೆಳಗಿಳಿದವು. ಪಾಪ, ಪ್ರೋಗ್ರಾಮಿನ ತಪ್ಪೇನೂ ಇರಲಿಲ್ಲ, ಅದು ನಾವು ಬರೆದದ್ದನ್ನು ನಂಬಿತ್ತು. ಉಳಿದ ಬಾವಿಗಳಲ್ಲಿ ಹೆಚ್ಚಿನವು ಗೆದ್ದವು, ಬ್ರಹ್ಮಾವರದ ಹತ್ತಿರದ ಒಂದು ಶಾಲೆಯ ಬಾವಿಯಲ್ಲಂತೂ ನೀರು ಅಂಗಳಕ್ಕೆ ಹರಿಯಿತು. ಮೊದಲ ಮಳೆಗೆ ಯಂತ್ರ ವಾಪಸು ಹೋಯಿತು. ಅಣ್ಣಯ್ಯ ಶಾಲು ಹೊದೆಸಿಕೊಂಡು ನಿವೃತ್ತರಾದರು. ನಾನು ಎರಡು ದಿನ ರಜೆ ಹಾಕಿ ಮಲಗಿದೆ.

ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕಚೇರಿಗೆ ಫೋನು ಬಂತು. ಕುದ್ರಿನ ಅಕ್ಕ.

‘ಸರ್, ಅವತ್ತ್ ಬೈದದ್ದ್ ಮನ್ಸಲ್ ಇಟ್ಕಂಬೇಡಿ. ಅಂತೂ ಮಾಡ್ಸಿ ಕೊಟ್ರಿ ಅಲ್ದಾ! ಹದಿನೈದ್ ದಿನದಿಂದ ನೀರ್ ಬಪ್ಪುದ್ ಕಂಬುಕೇ ಲಾಯ್ಕ್. ಕೊಡಪಾನ ಇಟ್ಟ್ ತಿರ್ಗುದ್ರೊಳ್ಗ್ ತುಂಬತ್ತ್. ಕಾಯುದೇ ಇಲ್ಲೆ.’

‘ಯಾರು ಬಂದಿದ್ದರು ಅಕ್ಕ?’

‘ಹೊಸ ಮೆಕ್ಯಾನಿಕ್. ಒಳ್ಳೆ ಜನ. ಕೆಳ್ಗೆ ಪೈಪ್ ಕಮ್ಮಿ ಇತ್ತ್ ಅಂದೇಳಿ ಆರ್ ಪೈಪ್ ಹೊಸತ್ ಹಾಕಿ ಹೋದ.’

ಹೊಸ ಮೆಕ್ಯಾನಿಕ್‌ನನ್ನು ಜೀಪಿಗೆ ಹತ್ತಿಸಿಕೊಂಡು ಹೋದೆ. ದಾರಿಯಲ್ಲಿ ಬೈದೆ, ನನ್ನನ್ನು ಕೇಳದೆ ಯಾಕೆ ಮುಟ್ಟಿದೆ ಎಂದು. ಅವನು ಮೆಲ್ಲಗೆ ರಿಜಿಸ್ಟರು ತೆಗೆದು ತೋರಿಸಿದ. ‘ಪೈಪ್ ಹತ್ತ್ ಅಂದೇಳಿ ಬರ್ದಿತ್ತ್ ಸರ್. ಕೆಳ್ಗೆ ನಿಮ್ದೇ ಸಹಿ.’

ರಿಜಿಸ್ಟರು ಮುಚ್ಚಿ ಅವನ ಕೈಗೆ ಕೊಟ್ಟೆ.

ಪಂಪಿನ ಹತ್ತಿರ ಹೆಂಗಸರ ಸಾಲು. ಹಬ್ಬದ ಕಳೆ. ಬಟ್ಟೆ ಕೂಡ ಅಲ್ಲೇ ಒಗೆಯುತ್ತಿದ್ದರು. ಒಬ್ಬರು ನನಗೆ ಚೆಂಬಿನಲ್ಲಿ ನೀರು ಕೊಟ್ಟರು. ಕುಡಿದೆ. ನಾಲಿಗೆಯ ತುದಿಗೆ ಸಿಹಿ, ಗಂಟಲಿಗೆ ಇಳಿಯುವಾಗ ಉಪ್ಪು. ದಿನಾ ಸ್ವಲ್ಪ ಸ್ವಲ್ಪ ಏರಿದ್ದರಿಂದ ಅವರಿಗೆ ಗೊತ್ತಾಗಿರಲಿಲ್ಲ. ಉಪ್ಪು ಅಳೆಯುವ ಮೀಟರು ಅದ್ದಿ ನೋಡಿದೆ, ನೋಡಬೇಕಾಗಿಯೇ ಇರಲಿಲ್ಲ. ಅಂದೇ ಆರು ಪೈಪು ಎತ್ತಿಸಿದೆವು. ವಾರವಿಡೀ ಪಂಪಿಗೆ ಬೀಗ ಹಾಕಿ ಕಾದು, ನಾಲ್ಕೇ ಪೈಪಿನಲ್ಲಿ ಮತ್ತೆ ಎಳೆದು ನೋಡಿದಾಗ ಬಂದದ್ದು ಹೊಳೆಯ ಉಪ್ಪುನೀರೇ. ಮೇಲಿದ್ದ ಸಿಹಿನೀರಿನ ಪದರ ಮುಗಿದುಹೋಗಿತ್ತು. ಎಷ್ಟು ಮಳೆಗಾಲ ಕಳೆದರೆ ಅದು ತಿರುಗಿ ಕಟ್ಟೀತೋ, ಕಟ್ಟುವುದೇ ಇಲ್ಲವೋ, ಓದಿದ ನನಗೂ ಹೇಳಲಾಗಲಿಲ್ಲ.

ಅಕ್ಕನನ್ನು ಕರೆದು ಎಲ್ಲ ಹೇಳಿದೆ. ಅಣ್ಣಯ್ಯ ಮಾಡಿದ್ದು, ನಾನು ಬರೆದದ್ದು, ಒಂದನ್ನೂ ಬಿಡದೆ. ಈ ಸಲ ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದೆ. ಅವರು ಬೈಯಲಿಲ್ಲ.

‘ಹಾಂಗಾರೆ ನಿಮ್ಗ್ ಗೊತ್ತಿದ್ದಿತ್ತಾ?’

‘ಗೊತ್ತಿತ್ತು.’

‘ಕಾಗ್ದದಲ್ ಬರೂಕ್ ಆತಿಲ್ಲೆ, ಹಾಳಾಯ್ಲಿ. ನಮ್ಗ್ ಬಾಯಲ್ ಹೇಳುಕ್ ಎಂತ ಆಯ್ತ್ ಸರ್? ಕುಡುದ್ ನಾವ್ ಅಲ್ದಾ? ನಾಲ್ಕೇ ಪೈಪ್ ಇರ್ಕ್ ಅಂದೇಳಿ ಒಂದ್ ಮಾತ್ ಹೇಳಿದ್ರೆ, ಆ ಪಂಪಿಗ್ ಒಬ್ರನ್ನೂ ಕೈ ಹಾಕುಕ್ ಬಿಡ್ತಿರ್ಲಿಲ್ಲೆ ನಾವ್.’

ಸಾಹೇಬರಿಗೆ ಏನು ಹೇಳುವುದು, ಉಪನ್ಯಾಸಕರಿಗೆ ಏನು ಹೇಳುವುದು, ರಿಜಿಸ್ಟರಿನಲ್ಲಿ ಏನು ಬರೆಯುವುದು ಎಂದೆಲ್ಲ ನಾನೂ ಅಣ್ಣಯ್ಯನೂ ಯೋಚಿಸಿದ್ದೆವು. ಹದಿನೆಂಟು ಮನೆಯವರಿಗೆ ಹೇಳಬಹುದು ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಅಕ್ಕ ಖಾಲಿ ಕೊಡಪಾನ ಸೊಂಟಕ್ಕೇರಿಸಿಕೊಂಡು ದೋಣಿಯ ಕಡೆ ಇಳಿದರು. ಅವರ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ.